ಬಾವಿ ನೀರಲ್ಲಿ ತೊಳೆದದ್ದು

“ಏ ಬೇವರ್ಸಿ, ಆ ಗ್ರಾನೈಟಿಗೆ ಕಾಲು ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಗೋಡೆ ಬದಿಯಿಂದ ಬಾ!”

ದೈವಸ್ಥಾನದ ಜಗಲಿಯ ಮೇಲಿಂದ ಮೊಕ್ತೇಸರ ಹಿತೇಶ್ ಕೂಗಿದ. ಮಾಯಿಲಪ್ಪ ಮುಂದಿಟ್ಟ ಕಾಲನ್ನು ಹಿಂದೆ ತೆಗೆದ. ಹಗ್ಗದ ಸುರುಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಆವರಣದ ಗೋಡೆಗೆ ಮೈ ಒರಸಿಕೊಂಡೇ ಹಿಂಭಾಗಕ್ಕೆ ನಡೆದ. ಮುಂದಿನ ವಾರ ಬ್ರಹ್ಮಕಲಶ. ದೇರೆಬೈಲಿನಿಂದ ಉರ್ವ ಮಾರ್ಕೆಟಿನವರೆಗೆ ಕಂಬಕಂಬಕ್ಕೂ ಲೌಡ್‌ಸ್ಪೀಕರು, ಬಾವುಟ, ಹಿತೇಶ್ ಕೈಮುಗಿದು ನಿಂತ ಫ್ಲೆಕ್ಸು. ಊಟದ ಚಪ್ಪರದ ಹಿಂದೆ ಹೊಸದಾಗಿ ಕಟ್ಟಿಸಿದ ಕಕ್ಕಸುಗಳ ಗುಂಡಿ ಮಾತ್ರ ನಿನ್ನೆಯಿಂದ ಉಕ್ಕುತ್ತಿತ್ತು. ಹೇಸಿಗೆ ನೀರು ನೆಲಕ್ಕೆ ಹಾಸಿದ ಇಂಟರ್‌ಲಾಕಿನ ಸಂದುಸಂದಿಗೆ ಹರಿದು ಅಡುಗೆಯವರ ಒಲೆಯ ಹತ್ತಿರ ಬಂದಿತ್ತು.

ಈ ಕೆಲಸ ಬೇಡ ಎಂದು ಮಾಯಿಲಪ್ಪ ಬೆಳಿಗ್ಗೆಯೇ ಹೇಳಿದ್ದ. “ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗಿ ಯೋಗೀಶಣ್ಣ. ಆ ಜಾಗ ನನಗೆ ಆಗುದಿಲ್ಲ.”

“ಜಾಗ ಆಗುದಿಲ್ಲವಾ?” ಕಂಟ್ರಾಕ್ಟರ್ ಯೋಗೀಶ್ ಬೈಕಿನ ಮೇಲೆ ಕುಳಿತೇ ನಕ್ಕಿದ್ದ. “ಕಕ್ಕಸು ಗುಂಡಿಗೆ ವಾಸ್ತು ನೋಡ್ಲಿಕ್ಕೆ ಶುರು ಮಾಡಿದ್ಯಾ ಮಾರಾಯ? ನಾಳೆಯಿಂದ ಕೆಲಸಕ್ಕೇ ಬರ್ಬೇಡ ಹಾಗಾದ್ರೆ.”

ಗುಂಡಿ ಎಳೆಯುವ ಟ್ಯಾಂಕರ್ ಬಂದದ್ದು ಹೌದು. ಅದರ ಡ್ರೈವರ್ ಇಜಾಝ್ ಮಹಾದ್ವಾರದ ಹೊರಗೇ ಗಾಡಿ ನಿಲ್ಲಿಸಿ ಕುಳಿತಿದ್ದ.

“ಇಲ್ಲಿಂದ ಗುಂಡಿಯವರೆಗೆ ಪೈಪು ಮುಟ್ಟುದಿಲ್ಲ ಯೋಗೀಶಣ್ಣ. ಗಾಡಿ ಒಳಗೆ ತಂದ್ರೆ ಹತ್ತು ನಿಮಿಷದ ಕೆಲಸ. ಮನುಷ್ಯನನ್ನು ಯಾಕೆ ಇಳಿಸ್ತೀರಿ?”

“ಗಾಡಿ ಬಂದ್ರೆ ನೀನೂ ಬರ್ತಿಯಲ್ಲ. ಬೋರ್ಡು ಓದ್ಲಿಲ್ವಾ? ನಿಮ್ಮವರಿಗೆ ಒಳಗೆ ಬರ್ಲಿಕ್ಕಿಲ್ಲ.”

ಇಜಾಝ್ ಮಾಯಿಲಪ್ಪನ ಮುಖ ನೋಡಿದ. ಮತ್ತೆ ಸ್ಟೇರಿಂಗಿನ ಮೇಲೆ ಗಲ್ಲವಿಟ್ಟು ರಸ್ತೆಯ ಕಡೆ ತಿರುಗಿದ.

ಮಾಯಿಲಪ್ಪ ಮೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಯೋಗೀಶನ ಆಳುಗಳಿಬ್ಬರು ಮೂಗಿಗೆ ಬೈರಾಸು ಸುತ್ತಿಕೊಂಡು ಚಪ್ಪಡಿ ಸರಿಸಿದರು. ಗ್ಯಾಸು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು ಅವನು ಇಳಿದ. ಮೊದಲು ಹೇಸಿಗೆ ಎದೆಯವರೆಗೆ ಬಂತು. ಬಕೆಟ್ ತುಂಬಿಸಿ ಕೊಟ್ಟ ಹಾಗೆ ಸೊಂಟಕ್ಕೆ ಇಳಿಯಿತು, ಮತ್ತೆ ಮೊಣಕಾಲಿಗೆ. ಬಾಯಿ ಮುಚ್ಚಿಕೊಂಡೇ ಉಸಿರಾಡಬೇಕು. ಏನನ್ನೂ ಯೋಚಿಸಬಾರದು. ಇಷ್ಟು ವರ್ಷ ಅವನು ಬದುಕಿದ್ದೇ ಹಾಗೆ.

ಕೆಂಪುಕಲ್ಲಿನ ಗೋಡೆಯ ಒಂದು ಬದಿ ಕುಸಿದು ಮಣ್ಣು ಒಳಗೆ ಬಿದ್ದಿತ್ತು. ಗುಂಡಿ ಕಟ್ಟಿಕೊಂಡದ್ದು ಅದರಿಂದಲೇ. ಕಲ್ಲು ಎಳೆದು ಹಾಕಲು ಕೈ ತೂರಿಸಿದ. ಉರುಟಾದ ಏನೋ ಸಿಕ್ಕಿತು. ತೆಂಗಿನ ಕರಟ ಇರಬೇಕೆಂದು ಎಳೆದ. ಕರಟವಲ್ಲ. ಅವನ ಅಂಗೈಯಲ್ಲಿ ಕುಳಿತದ್ದಕ್ಕೆ ಎರಡು ಕಣ್ಣಿನ ಕುಳಿಗಳಿದ್ದವು. ಕುಳಿಯಿಂದ ಹೇಸಿಗೆ ಸುರಿಯುತ್ತಿತ್ತು.

ಮಾಯಿಲಪ್ಪ ಕತ್ತೆತ್ತಿದ. ಗುಂಡಿಯ ಬಾಯಲ್ಲಿ ತುಂಡು ಆಕಾಶ. ಇದೇ ಜಾಗದಲ್ಲಿ ನಿಂತು ಕತ್ತೆತ್ತಿದರೆ ಹಿಂದೆ ಪಾಲೆಮರದ ಎಲೆ ಕಾಣುತ್ತಿತ್ತು.

ಆಗ ಇದು ಯಾರಿಗೂ ಬೇಡದ ಗುಡ್ಡೆ. ಊರ ಸುಡುಗಾಡಿಗೆ ತಮ್ಮ ಹೆಣ ಸೇರಿಸಿಕೊಳ್ಳದ ಕಾಲದಿಂದ ಮಾಯಿಲಪ್ಪನ ಜನ ಸತ್ತವರನ್ನು ಇಲ್ಲೇ ಹೂಳುತ್ತಿದ್ದರು. ಮರದ ಬುಡದಲ್ಲಿ ಒಂದು ಕಲ್ಲು. ಅದು ಅವರ ದೈವ. ವರ್ಷಕ್ಕೊಮ್ಮೆ ಕೋಳಿ ಸಾರು, ಅನ್ನ ಬಡಿಸಿ, ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವುದು ಅದರ ಎದುರಿಗೇ. ಪೇಟೆ ಗುಡ್ಡೆ ಹತ್ತಿ ಬಂದ ಮೇಲೆ ಹಿತೇಶನ ಅಪ್ಪ ಬೇಲಿ ಹಾಕಿಸಿದ, ಮರ ಕಡಿಸಿದ. ಜೋಯಿಸರನ್ನು ಕೂರಿಸಿ ಪ್ರಶ್ನೆ ಇಟ್ಟಾಗ ಕಲ್ಲಿನಲ್ಲಿ ದೊಡ್ಡ ಸಾನ್ನಿಧ್ಯ ಕಂಡಿತು. ಕಲ್ಲಿಗೆ ಗುಡಿಯಾಯಿತು, ಬೆಳ್ಳಿಯ ಮೊಗ ಬಂತು, ಕೋಳಿ ನಿಂತುಹೋಯಿತು. ಕಲ್ಲು ನೆಟ್ಟವರ ಮೊಮ್ಮಕ್ಕಳಿಗೆ ಗೇಟಿನ ಹೊರಗೆ ನಿಂತು ಕೈಮುಗಿಯುವುದು ಉಳಿಯಿತು. ಅದನ್ನೂ ಮಾಯಿಲಪ್ಪ ಬಿಟ್ಟಿದ್ದ. ಈ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ. ಅವನ ಚೊಚ್ಚಲ ಮಗಳು ಐತೆ ಜ್ವರದಲ್ಲಿ ಹೋದಾಗ ನಾಲ್ಕು ವರ್ಷದವಳು. ಅವಳನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಮರದ ಪಡುಬದಿಗೆ ಮಲಗಿಸಿದ್ದ. ಅದೇ ಮಳೆಗಾಲದಲ್ಲಿ ಕೇರಿಯ ಬೇರೆ ಮಕ್ಕಳೂ ಹೋಗಿದ್ದವು. ಎಲ್ಲರನ್ನೂ ಒಬ್ಬರ ಬದಿಗೊಬ್ಬರಂತೆ ಮಲಗಿಸಿದ್ದರು.

ಕುಸಿದ ಗೋಡೆಯೊಳಗೆ ಮತ್ತೆ ಕೈಹಾಕಿದ. ಕಡ್ಡಿಯಂಥ ಪಕ್ಕೆಲುಬು, ದೊಡ್ಡವರ ತೊಡೆಯ ಎಲುಬು, ಇನ್ನೊಂದು ಸಣ್ಣ ತಲೆ. ಬಕೆಟಿನೊಳಗೆ ಒಂದೊಂದಾಗಿ ಇಟ್ಟ. ಮೇಲೆ ಎಳೆದವರು ನೋಡಿದ್ದೇ ಹಗ್ಗ ಬಿಟ್ಟು ಓಡಿದರು. ಬಕೆಟ್ ಅಂಚಿಗೆ ಸಿಕ್ಕಿಕೊಂಡು ನಿಂತಿತು. ಮಾಯಿಲಪ್ಪ ತಾನೇ ಕಲ್ಲಿಗೆ ಕಾಲು ಕೊಟ್ಟು ಹತ್ತಿ ಬಂದ.

ಯೋಗೀಶ್ ಇಣುಕಿ ನೋಡಿ ಮುಖ ಸಿಂಡರಿಸಿದ. “ಥೂ! ನಾಯಿಯದ್ದೋ ಎಂತದ್ದೋ. ಡ್ರಮ್ಮಿಗೆ ಹಾಕು. ಯಾರ ಹತ್ರವೂ ಬಾಯಿ ಬಿಡ್ಬೇಡ.”

“ನಮ್ಮ ಮಕ್ಕಳು ಯೋಗೀಶಣ್ಣ.”

“ಯಾವ ಮಕ್ಕಳು? ಗ್ಯಾಸು ತಲೆಗೆ ಹೋಯ್ತಾ ನಿಂಗೆ?”

ಮಾಯಿಲಪ್ಪ ಬಕೆಟ್ ಎತ್ತಿಕೊಂಡ. ಗೋಡೆಯ ಬದಿಗೆ ಹೋಗಲಿಲ್ಲ. ನೇರ ಅಂಗಳಕ್ಕಿಳಿದು ಗ್ರಾನೈಟಿನ ಮೇಲೆಯೇ ನಡೆದ. ಹೆಜ್ಜೆಹೆಜ್ಜೆಗೂ ಹೇಸಿಗೆಯ ಪಾದ ಮೂಡಿತು. ಅವನಿಗೆ ಬೇರೆ ಯೋಚನೆ ಬರಲಿಲ್ಲ. ಮಗುವಿನ ಮೈಗೆ ಹೇಸಿಗೆ ಮೆತ್ತಿದೆ, ತೊಳೆಯಬೇಕು, ಅಷ್ಟೇ. ಅಂಗಳದಲ್ಲಿ ದೈವದ ಬಾವಿ ಇತ್ತು. ಕಟ್ಟೆಯ ಮೇಲೆ ತಾಮ್ರದ ಕೊಡಪಾನ ಇತ್ತು. ನೀರು ಸೇದಿದ. ಸಣ್ಣ ತಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ನೀರು ಹಾಕಿ, ಕಣ್ಣಿನ ಕುಳಿಗಳನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದ. ಕೂಸಿಗೆ ಸ್ನಾನ ಮಾಡಿಸುವಾಗ ಕಣ್ಣಿಗೆ ನೀರು ಹೋಗಬಾರದೆಂದು ಹಣೆಗೆ ಅಡ್ಡ ಹಿಡಿಯುವ ಹಾಗೆ ಅವನ ಕೈ ತಾನಾಗಿಯೇ ಅಡ್ಡ ಬಂತು.

ಹೂ ಕಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳು ಚೀರಿದಳು.

ಆಮೇಲೆ ಆದದ್ದು ಅವನಿಗೆ ತುಂಡುತುಂಡಾಗಿ ನೆನಪು. “ಬಾವಿ ಹಾಳು ಮಾಡಿದ! ಬೋಳಿಮಗ ದೈವದ ಬಾವಿಯನ್ನೇ ಹಾಳು ಮಾಡಿದ!” ಯಾರೂ ಕೈಯಿಂದ ಹೊಡೆಯಲಿಲ್ಲ. ಅವನನ್ನು ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಫ್ಲೆಕ್ಸ್ ಕಟ್ಟಲು ತಂದ ಮರದ ರೀಪುಗಳಿಂದ ಹೊಡೆದರು. ಹಿತೇಶ್ ಹೊಡೆದ ರೀಪಿನಲ್ಲಿ ಮೊಳೆ ಇತ್ತು. ಕಿವಿ ಹರಿದು ನೆಲಕ್ಕೆ ಬಿದ್ದಾಗ, ಕಾಲುಗಳ ನಡುವಿನಿಂದ ಅವನಿಗೆ ಒಂದು ಕಂಡಿತು. ಯೋಗೀಶನ ಆಳು ಹಿಡಿಸೂಡಿ ಹಿಡಿದು ಬಾವಿಕಟ್ಟೆಯ ಮೇಲಿದ್ದ ಎಲುಬುಗಳನ್ನು ಗುಡಿಸುತ್ತಿದ್ದ. ತೊಳೆದದ್ದು, ತೊಳೆಯದ್ದು, ಎಲ್ಲವನ್ನೂ ಒಟ್ಟಿಗೆ ಗುಡಿಸಿ ಮೊರಕ್ಕೆ ತುಂಬಿದ. ಮೊರವನ್ನು ಹಿಂಭಾಗಕ್ಕೆ ಒಯ್ದು ಗುಂಡಿಗೆ ಸುರಿದ. ಚಪ್ಪಡಿ ಎಳೆದ ಸದ್ದು ಕೇಳಿಸಿತು.

ಪೊಲೀಸರು ಬರುವಷ್ಟರಲ್ಲಿ ಚಪ್ಪಡಿಯ ಸುತ್ತ ಸಿಮೆಂಟು ಮೆತ್ತಿಯಾಗಿತ್ತು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿಯೇ ಮಾತಾಡಿಸಿದರು.

“ಬಾವಿ ಮುಟ್ಟಿದ್ದು ಹೌದಾ?”

“ಹೌದು ಸಾರ್.”

“ಯಾಕೆ?”

“ತೊಳೀಲಿಕ್ಕೆ.”

“ಎಂತ ತೊಳೀಲಿಕ್ಕೆ?”

“ಮಕ್ಕಳನ್ನು.”

ಇನ್ಸ್‌ಪೆಕ್ಟರು ಪಕ್ಕದ ಪೇದೆಯ ಕಡೆ ನೋಡಿ ಹುಬ್ಬು ಹಾರಿಸಿದರು. “ಕುಡಿದಿದ್ದಾನೆ ಅಂತ ಬರಿ.”

“ಕುಡೀಲಿಲ್ಲ ಸಾರ್. ನನ್ನನ್ನು ಗುಂಡಿಗೆ ಇಳಿಸಿದ್ದು ಬರೀಲಿಕ್ಕಿಲ್ವಾ?”

“ಯಾರಾದ್ರೂ ದೂಡಿ ಹಾಕಿದ್ರಾ ನಿನ್ನನ್ನು? ನೀನೇ ಇಳಿದದ್ದಲ್ವಾ? ನೋಡು, ಜಾತಿ ಹಿಡ್ಕೊಂಡು ಕೇಸು ಹಾಕುದು ಗೀಕುದು ಅಂತ ಶುರು ಮಾಡ್ಬೇಡ. ಮಾಡಿರುದು ಸಣ್ಣ ಕೆಲಸ ಅಲ್ಲ ನೀನು. ಊರಿಗೆ ಬೆಂಕಿ ಬೀಳುವ ಕೆಲಸ.”

ಸಂಜೆ ಬಿಟ್ಟರು. ಹೊರಗೆ ಇಜಾಝ್ ಟ್ಯಾಂಕರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೇರಿಯ ಬಾಯಲ್ಲಿ ಇಳಿಸುವಾಗ ಅವನು ಹೇಳಿದ್ದು ಒಂದೇ ಮಾತು: “ನನ್ನ ಬಾಪನನ್ನು ಹೂತ ಖಬರು ಎಲ್ಲಿ ಉಂಟು ಅಂತ ನಂಗೆ ಗೊತ್ತುಂಟು ಮಾಯಿಲಣ್ಣ. ಅಷ್ಟಾದ್ರೂ ಉಂಟು.”

ಮನೆಯಲ್ಲಿ ಹೆಂಡತಿ ಮುದ್ದು ಬಿಸಿನೀರು ಕಾಯಿಸಿಟ್ಟಿದ್ದಳು. ಕಿವಿಯ ಗಾಯಕ್ಕೆ ಅರಿಶಿನ ಒತ್ತಿದಳು. ಕಿರಿಯ ಮಗಳು ದೀಕ್ಷಿತಾ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದು ಮೊಬೈಲು ಎದುರಿಗೆ ಹಿಡಿದಳು. ಕಣ್ಣು ಕೆಂಪಗಿತ್ತು.

“ಅಂಗಡಿಯಲ್ಲಿ ಎಲ್ಲರೂ ಇದನ್ನೇ ನೋಡ್ತಿದ್ದಾರೆ ಪಪ್ಪ. ‘ದೈವಸ್ಥಾನ ಅಪವಿತ್ರ, ಒಬ್ಬ ವಶಕ್ಕೆ’ ಅಂತ. ಇಂಗ್ಲಿಷಿನಲ್ಲಿ ಎಂತದೋ ಹಾಕಿದ್ದಾರೆ, ಸ್ಯಾಕ್ರಿಲೆಜ್ ಅಂತ.”

“ಹಾಗೆಂದ್ರೆ?”

“ಅಪವಿತ್ರಕ್ಕೇ ಹೇಳುದಾಗಿರ್ಬೇಕು. ಎಲುಬಿನ ಸುದ್ದಿ ಎಲ್ಲಿಯೂ ಇಲ್ಲ.”

ಮಗಳು ಒಳಗೆ ಹೋದ ಮೇಲೆ ಮುದ್ದು ಕೇಳಿದಳು. “ಸಣ್ಣದಿತ್ತಾ?”

“ಇತ್ತು.”

“ನಮ್ಮವಳದ್ದಾ?”

ಮಾಯಿಲಪ್ಪ ಅಂಗೈ ಬಿಡಿಸಿ ನೋಡಿಕೊಂಡ. “ಹೇಗೆ ಹೇಳುದು? ಎರಡು ಇತ್ತು. ಒಂದನ್ನು ತೊಳೆದೆ. ಇನ್ನೊಂದನ್ನು ತೊಳೀಲಿಕ್ಕೆ ಬಿಡ್ಲಿಲ್ಲ.”

ಮುದ್ದು ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು.

ಅಂದಿನಿಂದ ಮಾಯಿಲಪ್ಪನಿಗೆ ಊಟ ಸೇರಲಿಲ್ಲ. ತುತ್ತು ಕಟ್ಟಲು ಹೋದರೆ ಅಂಗೈಯಲ್ಲಿ ಆ ಉರುಟು ಭಾರ ಬಂದು ಕುಳಿತುಕೊಳ್ಳುತ್ತಿತ್ತು. ನೀರು ಕುಡಿಯುವಾಗ, ಬೀಡಿ ಹಚ್ಚುವಾಗ, ಬಸ್ಸಿನ ಕಂಬಿ ಹಿಡಿಯುವಾಗ ಕೈ ಖಾಲಿ ಇದ್ದೂ ಖಾಲಿ ಇರುತ್ತಿರಲಿಲ್ಲ. ಕೇರಿಯ ಹೆಂಗಸರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಮಳೆಗಾಲದಲ್ಲಿ ಮಕ್ಕಳನ್ನು ಕಳೆದುಕೊಂಡವರು. ಈಗ ಮುದುಕಿಯರು. ಏನನ್ನೋ ಕೇಳಬೇಕೆಂದು ಬಂದು, ಅವನ ಕೈಯನ್ನೇ ನೋಡಿ, ಕೇಳದೆ ಹೋಗುತ್ತಿದ್ದರು.

ಮುದ್ದು ಕೆಲಸಕ್ಕೆ ಹೋಗುತ್ತಿದ್ದದ್ದು ಬಿಕರ್ನಕಟ್ಟೆಯ ಬರ್ನಡೆಟ್ ಟೀಚರ ಮನೆಗೆ. ರಿಟೈರಾದವರು, ಒಬ್ಬರೇ ಇದ್ದರು. ಗುರುವಾರ ಬಾಲಯೇಸುವಿನ ಪೂಜೆಗೆ ಬಂದವರಿಂದ ರಸ್ತೆ ತುಂಬಿದ್ದ ಹೊತ್ತಿಗೆ ಮಾಯಿಲಪ್ಪ ಹೆಂಡತಿಯನ್ನು ಕರೆದುಕೊಂಡು ಹೋಗಲು ಅಲ್ಲಿಗೆ ಬಂದ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತ. ಟೀಚರು ಅವನ ಕಿವಿಯನ್ನು ನೋಡಿದರು. ಸುದ್ದಿ ಅವರಿಗೂ ಗೊತ್ತಿತ್ತು.

“ಟೀಚರ್, ಮೊಬೈಲಿನ ನ್ಯೂಸಿನಲ್ಲಿ ನನಗೆ ಎಂತದೋ ಶಬ್ದ ಹಾಕಿದ್ದಾರಂತೆ. ಸ್ಯಾಕ್ರಿಲೆಜ್. ಅದು ಎಂತ?”

ಬರ್ನಡೆಟ್ ಟೀಚರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರಸಿದರು.

“ಪವಿತ್ರವಾದದ್ದನ್ನು ಹಾಳು ಮಾಡುವುದು. ಈಗ ಹಾಗೆ ಅರ್ಥ.”

“ಈಗ ಹಾಗೆ ಅಂದ್ರೆ, ಮೊದಲು?”

“ಮೊದಲು ಬೇರೆ. ಅದು ಲ್ಯಾಟಿನ್ ಮಾತು, ನಮ್ಮ ಇಗರ್ಜಿಯ ಹಳೇ ಭಾಷೆ. ‘ಸಾಕ್ರುಂ’ ಅಂದ್ರೆ ದೇವರಿಗೆ ಸೇರಿದ್ದು. ‘ಲೆಗೆರೆ’ ಅಂದ್ರೆ ಹೆಕ್ಕುವುದು, ಹೆಕ್ಕಿಕೊಂಡು ಹೋಗುವುದು. ಗುಡಿಗೆ ನುಗ್ಗಿ ದೇವರದ್ದನ್ನು ಕದ್ದುಕೊಂಡು ಹೋಗುವವನಿಗೆ ರೋಮಿನವರು ಇಟ್ಟ ಹೆಸರು ಅದು. ಕಳ್ಳತನ ಅಂತಲೇ ಅದರ ಅರ್ಥ. ಮುಟ್ಟಿದ್ದು, ಹಾಳು ಮಾಡಿದ್ದು ಎಲ್ಲ ಆಮೇಲೆ ಬಂದು ಸೇರಿದ್ದು.”

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು. ಮುದ್ದು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

“ಕಲ್ಲು ಯಾರದ್ದು ಟೀಚರ್? ನಮ್ಮ ಅಜ್ಜಂದಿರು ನೆಟ್ಟದ್ದು. ಜಾಗ ಯಾರದ್ದು? ನನ್ನ ಬಾಲೆ ಮಲಗಿದ್ದು. ಯಾರು ಕದ್ದದ್ದು ಹಾಗಾದ್ರೆ?”

ಟೀಚರು ಕನ್ನಡಕ ಹಾಕಿಕೊಂಡರು. ರಸ್ತೆಯ ಕಡೆ ಒಮ್ಮೆ ನೋಡಿದರು. “ನಾನು ಶಬ್ದದ ಅರ್ಥ ಹೇಳಿದ್ದು ಮುದ್ದು, ಅಷ್ಟೇ. ಈ ಗಲಾಟೆಯಲ್ಲಿ ನಮ್ಮವರ ಹೆಸರು ಬರ್ಬಾರ್ದು. ನಾನು ಹೇಳಿದೆ ಅಂತ ಎಲ್ಲಿಯೂ ಹೇಳ್ಬೇಡಿ.”

“ಹೇಳುದಿಲ್ಲ,” ಎಂದ ಮಾಯಿಲಪ್ಪ. ಎದ್ದು ಚಡ್ಡಿಯ ಧೂಳು ಕೊಡವಿಕೊಂಡ. “ಆದ್ರೆ ಹೆಕ್ಕಿದ್ದು ನಾನು ಹೌದು ಟೀಚರ್. ಹೆಕ್ಕಿದೆ. ಕದೀಲಿಲ್ಲ.”

ಬಸ್ಸಿನಲ್ಲಿ ಮುದ್ದು ಕಿಟಕಿಯ ಬದಿಗೆ ಕುಳಿತಳು. ಇಡೀ ದಾರಿ ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಕೇಳಿದಳು: “ಐತೆಗೆ ಬಡಿಸದೆ ಎಷ್ಟು ವರ್ಷ ಆಯ್ತು?”

ಮರುದಿನ ಹಿತೇಶ್ ಕಾರಿನಲ್ಲಿ ಕೇರಿಗೆ ಬಂದ. ಇಳಿಯಲಿಲ್ಲ. ಗಾಜು ಅರ್ಧ ಇಳಿಸಿದ.

“ನೋಡು ಮಾಯಿಲಪ್ಪ, ನಾವು ಕೆಟ್ಟ ಜನ ಅಲ್ಲ. ನಿನ್ನ ಅಪ್ಪ ನಮ್ಮ ಒಕ್ಕಲು. ತಂತ್ರಿಗಳ ಹತ್ರ ಕೇಳಿದ್ದೇವೆ. ಬಾವಿ ಬತ್ತಿಸಿ ಶುದ್ಧಿ ಮಾಡಿ ಆಗಿದೆ. ಇನ್ನು ನೀನು ಭಾನುವಾರ ಬ್ರಹ್ಮಕಲಶದ ದಿನ ಬಂದು ಗೇಟಿನ ಹೊರಗೆ ನಿಂತು ಮೈಕಿನಲ್ಲಿ ‘ಅಪವಿತ್ರ ಮಾಡಿದ್ದು ನಾನು, ತಪ್ಪಾಯ್ತು’ ಅಂತ ಹೇಳ್ಬೇಕು. ಊರಿನವರು ಕೇಳ್ಬೇಕು. ಕೇಸು ವಾಪಸು ತೆಗೀತೇವೆ. ಊಟ ಮಾಡಿಕೊಂಡು ಹೋಗಬಹುದು, ನಿಮಗೆ ಹೊರಗೆ ಬೇರೆ ಪಂಕ್ತಿ ಉಂಟು.”

“ಗುಂಡಿಯಲ್ಲಿ ಇರುದನ್ನು ತೆಗೆಸ್ತೀರಾ ಧನಿ? ಬೇರೆ ಕಡೆ ಮಣ್ಣು ಮಾಡ್ತೇವೆ. ನಾವೇ ತೆಗೀತೇವೆ.”

“ಗುಂಡಿಯಲ್ಲಿ ಎಂತ ಉಂಟು? ಏನೂ ಇಲ್ಲ. ಇನ್ನೊಮ್ಮೆ ಆ ಮಾತು ಬಂದ್ರೆ ಮೊಳೆ ಕಿವಿಗಲ್ಲ ಹೊಡಿಯುದು, ಗೊತ್ತಾಯ್ತಾ?”

ಗಾಜು ಏರಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಮಾಯಿಲಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದ. ಕೇರಿಯವರೂ ಹಿಂದೆ ಬಂದರು. ಮುದ್ದು ತಲೆಯ ಮೇಲೆ ಬೈರಾಸು ಮುಚ್ಚಿದ ಬುಟ್ಟಿ ಹೊತ್ತಿದ್ದಳು. ಅಂಗಳದಲ್ಲಿ ಜನವೋ ಜನ. ಸ್ವಯಂಸೇವಕನೊಬ್ಬ ಮೈಕನ್ನು ತಂದು ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಹಿಂದೆ ಸರಿದ. ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಹಿತೇಶ್ ರೇಷ್ಮೆಯ ಶಾಲು ಸರಿಮಾಡಿಕೊಂಡು ಕಣ್ಣಿನಲ್ಲೇ ಸನ್ನೆ ಮಾಡಿದ.

ಮಾಯಿಲಪ್ಪ ಮೈಕು ಎತ್ತಿಕೊಂಡ. ಅಂಗೈಯಲ್ಲಿ ಅದು ತಣ್ಣಗೆ, ಉರುಟಾಗಿ ಕುಳಿತಿತು. ಹೇಳಬೇಕಾದ ಮಾತನ್ನು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಹೊಡೆತದ ಹೆದರಿಕೆ ಅವನಿಗೆ ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

“ನನ್ನ ಹೆತ್ತ ಅಪ್ಪೆ ಚೋಮು, ಊಟಕ್ಕೆ ಬನ್ನಿ.”

ಕಂಬಕಂಬದ ಲೌಡ್‌ಸ್ಪೀಕರಿನಲ್ಲಿ ಅವನದೇ ದನಿ ಗುಡ್ಡೆ ಇಳಿದು ಉರ್ವದವರೆಗೆ ಹೋಯಿತು. ಅಂಗಳದ ಜನ ಗೇಟಿನ ಕಡೆ ತಿರುಗಿದರು.

“ತಮ್ಮ ಕರಿಯ, ಊಟಕ್ಕೆ ಬಾ. ಬಾಬುವಿನ ಗಂಡುಮಗು, ಹೆಸರಿಡುವ ಮೊದಲೇ ಹೋದವನು, ನೀನೂ ಬಾ. ನನ್ನ ಬಾಲೆ ಐತೆ, ಬಾ ಮಗಾ. ಎಲೆ ಹಾಕಿ ಉಂಟು. ಎಲ್ಲರೂ ಬನ್ನಿ. ಗುಂಡಿಯಿಂದ ಎದ್ದು ಬನ್ನಿ.”

“ಮೈಕ್ ಆಫ್ ಮಾಡು! ಏ, ಆಫ್ ಮಾಡಾ!” ಹಿತೇಶ್ ಕಿರುಚಿದ್ದೂ ಅದೇ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ವಯರು ಕಿತ್ತ ಮೇಲೂ ಮಾಯಿಲಪ್ಪ ಬರಿಬಾಯಿಯಲ್ಲಿ ಕರೆಯುತ್ತಲೇ ಇದ್ದ. ಹಿಂದಿದ್ದ ಮುದುಕಿಯರು ತಮ್ಮತಮ್ಮ ಮಕ್ಕಳ ಹೆಸರು ಹಿಡಿದು ಕರೆಯತೊಡಗಿದರು. ಸತ್ತವರನ್ನು ಊಟಕ್ಕೆ ಕರೆಯುವ ಆ ದನಿ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಸತ್ತವರಿದ್ದರು. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ರೀಪು ಹಿಡಿದು ಬಂದ ಹುಡುಗರು ನಿಂತಲ್ಲೇ ನಿಂತರು.

ಅಷ್ಟು ಹೊತ್ತಿಗೆ ಮುದ್ದು ಪಕ್ಕದ ಸಣ್ಣ ಗೇಟಿನಿಂದ ಒಳಗೆ ಹೋಗಿಯಾಗಿತ್ತು. ಮಾಯಿಲಪ್ಪ ಅವಳ ಹಿಂದೆಯೇ ಹೋದ. ಕಕ್ಕಸುಗಳ ಎದುರು, ಸಿಮೆಂಟು ಮೆತ್ತಿದ ಚಪ್ಪಡಿಯ ಮೇಲೆ ಅವಳು ಬಾಳೆ ಎಲೆಗಳನ್ನು ಉದ್ದಕ್ಕೆ ಹಾಸಿದ್ದಳು. ಅನ್ನ ಬಡಿಸಿದ್ದಳು. ಕೋಳಿ ಸಾರಿನ ಪರಿಮಳ ಕಕ್ಕಸಿನ ನಾತದ ಜೊತೆಗೆ ಎದ್ದಿತ್ತು. ಕಕ್ಕಸಿಗೆಂದು ಬಂದವರ ಸಾಲು ಎಲೆಗಳ ಆಚೆ ನಿಂತುಬಿಟ್ಟಿತ್ತು. ಒಬ್ಬ ಮುದುಕ ಕಚ್ಚೆ ಹಿಡಿದುಕೊಂಡು ಒದ್ದಾಡುತ್ತಿದ್ದ. ಸತ್ತವರಿಗೆ ಬಡಿಸಿದ ಎಲೆ ದಾಟಿ ಹೋಗಲು ಯಾರೂ ಕಾಲೆತ್ತಲಿಲ್ಲ. ಹಿತೇಶ್ ಓಡಿ ಬಂದವನು ಸಾಲಿನ ತುದಿಗೆ ಬಂದು ನಿಂತ. ಅವನ ಕಾಲೂ ಮುಂದೆ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಪೊಲೀಸ್ ಜೀಪಿನ ಸೈರನ್ನು ಹತ್ತಿರವಾಗುತ್ತಿತ್ತು.

ಮುದ್ದು ಯಾರ ಕಡೆಗೂ ನೋಡಲಿಲ್ಲ. ಕೊನೆಯ ಸಣ್ಣ ಎಲೆಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು, ಕೋಳಿಯ ತುಂಡುಗಳನ್ನು ಬೆರಳಿನಿಂದ ಬಿಡಿಸಿ, ನಾಲ್ಕು ವರ್ಷದ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಾರದೆಂದು, ಒಂದೊಂದೇ ಎಲುಬನ್ನು ಹೆಕ್ಕಿ ಬದಿಗಿಡುತ್ತಿದ್ದಳು.